ಸ್ತ್ರೀಪುರುಷರ ಆಯುರ್ಮಾನ

ಹಿರಿಯರ ಕಾಲಿಗೆ ಎರಗಿದ ಹುಡುಗನಿಗೆ ‘ನೂರು ವರ್ಷ ಬಾಳು’ ಎಂದೂ, ಹುಡುಗಿಗೆ ‘ದೀರ್ಘಸುಮಂಗಲಿಯಾಗು’ ಎಂದೂ ಹರಸುವುದು ನಮ್ಮ ಮನೆಗಳಲ್ಲಿ ತಲತಲಾಂತರದಿಂದ ನಡೆದುಬಂದ ರೂಢಿ. ಎರಡು ಆಶೀರ್ವಾದಗಳೂ ಪ್ರೀತಿಯಿಂದಲೇ ಹೊರಡುತ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳ ಅರ್ಥವನ್ನು ತುಸು ವಿಚಾರಿಸಿ ನೋಡಿದರೆ, ಹುಡುಗನ ಆಯುಷ್ಯವನ್ನು ವರ್ಷಗಳಿಂದಲೂ, ಹುಡುಗಿಯ ಆಯುಷ್ಯವನ್ನು ಅವಳ ಗಂಡನ ಆಯುಷ್ಯದಿಂದಲೂ ನಾವು ಅಳೆಯುತ್ತ ಬಂದಿದ್ದೇವೆಂಬುದು ಮನಸ್ಸಿಗೆ ಬಾರದಿರದು. ಮುತ್ತೈದೆಯಾಗಿ ಸತ್ತವಳನ್ನು ಪುಣ್ಯವಂತೆಯೆಂದು ಕೊಂಡಾಡುವ ನಾವು, ಅವಳು ಯಾವ ವಯಸ್ಸಿನಲ್ಲಿ ಸತ್ತಳು, ಯಾವ ಕಾರಣದಿಂದ ಸತ್ತಳು, ಆ ಸಾವನ್ನು ತಪ್ಪಿಸಬಹುದಾಗಿತ್ತೇ ಎಂಬ ಪ್ರಶ್ನೆಗಳನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ಆ ಪ್ರಶ್ನೆಗಳನ್ನು ಈ ಹೊತ್ತು ಕೇಳಬೇಕೆಂಬುದೇ ನಮ್ಮ ಉದ್ದೇಶ.

ಹೆಂಗಸರು ಹೆಚ್ಚು ಕಾಲ ಬಾಳುವರೋ ಗಂಡಸರೋ ಎಂಬ ಮಾತು ಮೇಲುನೋಟಕ್ಕೆ ಕಟ್ಟೆಯ ಮೇಲಿನ ಹರಟೆಯಂತೆ ಕಾಣಬಹುದು. ಒಬ್ಬರು ತಮ್ಮ ಓಣಿಯ ತೊಂಬತ್ತು ವರ್ಷದ ಅಜ್ಜಿಯನ್ನು ತೋರಿಸಿದರೆ, ಮತ್ತೊಬ್ಬರು ಮೂವರು ಹೆಂಡಂದಿರನ್ನು ಮಣ್ಣುಮಾಡಿ ನಾಲ್ಕನೆಯವಳನ್ನು ತಂದ ತಮ್ಮ ಮುತ್ತಜ್ಜನ ಕಥೆಯನ್ನು ಹೇಳುತ್ತಾರೆ. ಇಂಥ ನಿದರ್ಶನಗಳಿಂದ ಸಿದ್ಧಾಂತವು ಹುಟ್ಟಲಾರದು. ಅದಕ್ಕೆ ಎಣಿಕೆ ಬೇಕು. ಎಣಿಕೆಗೆ ದಾಖಲೆ ಬೇಕು. ದಾಖಲೆಯಲ್ಲಿ ಹೆಂಗಸಿನ ಹೆಸರೂ ವಯಸ್ಸೂ ಗಂಡಸಿನವುಗಳಷ್ಟೇ ತಪ್ಪದೆ ಇರಬೇಕು. ಈ ಕೊನೆಯ ಮಾತಿನಲ್ಲಿಯೇ ನಮ್ಮ ದೇಶದ ದೋಷವು ಅಡಗಿದೆಯಾದ್ದರಿಂದ, ಮೊದಲು ಅಳತೆಯ ಕ್ರಮವನ್ನು ವಾಚಕರ ಮುಂದಿಡುತ್ತೇವೆ.

ಒಂದು ದೇಶದಲ್ಲಿ ಒಂದು ಅವಧಿಯಲ್ಲಿ ಪ್ರತಿಯೊಂದು ವಯಸ್ಸಿನವರು ಎಷ್ಟು ಮಂದಿ ಇದ್ದರು, ಅವರೊಳಗೆ ಎಷ್ಟು ಮಂದಿ ತೀರಿಕೊಂಡರು ಎಂಬ ಎರಡು ಸಂಖ್ಯೆಗಳಿಂದ ಆಯಾ ವಯಸ್ಸಿನ ಮರಣಪ್ರಮಾಣವು ದೊರೆಯುತ್ತದೆ. ಅನಂತರ ಒಂದು ಲಕ್ಷ ಶಿಶುಗಳು ಏಕಕಾಲದಲ್ಲಿ ಹುಟ್ಟಿದರೆಂದು ಕಲ್ಪಿಸಿ, ಅವರು ಬೆಳೆಬೆಳೆಯುತ್ತ ಆಯಾ ವಯಸ್ಸಿನ ಮರಣಪ್ರಮಾಣಕ್ಕೆ ಈಡಾಗುತ್ತ ಹೋದರೆ ವರ್ಷವರ್ಷಕ್ಕೆ ಎಷ್ಟು ಮಂದಿ ಉಳಿಯುವರೆಂದು ಬರೆಯುತ್ತ ಹೋಗಬೇಕು. ಕಟ್ಟಕಡೆಯವರು ತೀರುವವರೆಗೆ ಅವರೆಲ್ಲರೂ ಕೂಡಿ ಬಾಳಿದ ವರ್ಷಗಳ ಮೊತ್ತವನ್ನು ಒಂದು ಲಕ್ಷದಿಂದ ಭಾಗಿಸಿದರೆ ಬರುವುದೇ ಹುಟ್ಟಿನ ಕಾಲದ ನಿರೀಕ್ಷಿತ ಆಯುಷ್ಯ, ಅಥವಾ ಆಯುರ್ಮಾನ. ಇದನ್ನೇ ಆಯುಷ್ಯಕೋಷ್ಟಕವೆನ್ನುತ್ತಾರೆ. ಹೆಂಗಸರಿಗೊಂದು, ಗಂಡಸರಿಗೊಂದು ಕೋಷ್ಟಕವನ್ನು ಹೀಗೆ ಸಿದ್ಧಗೊಳಿಸಿ ಒಂದರಿಂದ ಮತ್ತೊಂದನ್ನು ಕಳೆದರೆ ಉಭಯರ ಅಂತರವು ತಿಳಿಯುತ್ತದೆ.

ಇಲ್ಲಿ ಸುಶಿಕ್ಷಿತರೂ ಮಾಡುವ ಒಂದು ತಪ್ಪನ್ನು ಸೂಚಿಸುವುದು ಅವಶ್ಯ. ಆಯುರ್ಮಾನ ಮೂವತ್ತು ಎಂದೊಡನೆ ಆ ಕಾಲದ ಜನರೆಲ್ಲರೂ ಮೂವತ್ತಕ್ಕೇ ಸಾಯುತ್ತಿದ್ದರೆಂದು ತಿಳಿಯಬಾರದು. ಹತ್ತು ಶಿಶುಗಳಲ್ಲಿ ನಾಲ್ಕು ಆರಾರು ತಿಂಗಳಿಗೆ ತೀರಿಕೊಂಡು, ಉಳಿದ ಆರು ಐವತ್ತು ವರ್ಷ ಬಾಳಿದರೆ, ಒಟ್ಟು ೩೦೨ ವರ್ಷಗಳಾಗಿ ಸರಾಸರಿಯು ಮೂವತ್ತರ ಸುಮಾರಿಗೆ ಬರುತ್ತದೆ. ಆ ಹತ್ತರಲ್ಲಿ ಮೂವತ್ತಕ್ಕೆ ಸತ್ತವರು ಒಬ್ಬರೂ ಇಲ್ಲ. ಆದುದರಿಂದ ಆಯುರ್ಮಾನವು ಯಾವ ಒಬ್ಬ ಮನುಷ್ಯನ ಜಾತಕವೂ ಅಲ್ಲ. ಆ ಕಾಲದಲ್ಲಿ ಆ ದೇಶದ ತೊಟ್ಟಿಲು, ಬಾಣಂತಿಯ ಕೋಣೆ, ಅಡಿಗೆಮನೆ, ಆಸ್ಪತ್ರೆಗಳು ಯಾವ ಸ್ಥಿತಿಯಲ್ಲಿದ್ದವೆಂಬುದನ್ನು ತಿಳಿಸುವ ಲೆಕ್ಕ.

ಈ ಲೆಕ್ಕವು ಯೂರೋಪಿನಲ್ಲಿ ಹುಟ್ಟಿದ್ದು ಸ್ತ್ರೀಯರ ಮೇಲಿನ ಮರುಕದಿಂದಲ್ಲ, ಹೆಚ್ಚಿನಂಶ ಹಣದ ವ್ಯವಹಾರದಿಂದ. ಲಂಡನ್ನಿನ ವರ್ತಕ ಜಾನ್ ಗ್ರಾಂಟನು ೧೬೬೨ರಲ್ಲಿ ಆ ನಗರದ ಮರಣಪಟ್ಟಿಗಳನ್ನು ಶೋಧಿಸಿ, ಗಂಡುಶಿಶುಗಳು ಹೆಣ್ಣುಶಿಶುಗಳಿಗಿಂತ ತುಸು ಹೆಚ್ಚಾಗಿ ಹುಟ್ಟುತ್ತವೆಂದು ತೋರಿಸಿದನು. ೧೭೪೦ರಲ್ಲಿ ಹಾಲೆಂಡಿನ ನಿಕೋಲಾಸ್ ಸ್ಟ್ರೂಯ್ಕನು ವರ್ಷಾಸನ ಪಡೆಯುತ್ತಿದ್ದವರ ದಾಖಲೆಗಳಿಂದ ಸ್ತ್ರೀಯರಿಗೂ ಪುರುಷರಿಗೂ ಬೇರೆ ಬೇರೆ ಕೋಷ್ಟಕಗಳನ್ನು ರಚಿಸಿದನು. ೧೭೪೬ರಲ್ಲಿ ಫ್ರಾನ್ಸಿನ ದೆಪಾರ್ಸಿಯು ಎಂಬಾತನು ಮಠಗಳಲ್ಲಿದ್ದ ಸಂನ್ಯಾಸಿ ಸಂನ್ಯಾಸಿನಿಯರ ಆಯುಷ್ಯವನ್ನು ಎಣಿಸಿ, ಸಂನ್ಯಾಸಿನಿಯರೇ ಹೆಚ್ಚು ಕಾಲ ಬಾಳುವರೆಂದು ಕಂಡನು. ಸ್ವೀಡನ್ನಿನಲ್ಲಿ ೧೭೪೯ರಿಂದ ಊರೂರಿನ ಪಾದ್ರಿಗಳು ಜನನಮರಣಗಳನ್ನು ಸರಕಾರಕ್ಕೆ ವರದಿಮಾಡುವ ಏರ್ಪಾಡು ನಡೆದುದರಿಂದ, ಪೆರ್ ವಾರ್ಗೆಂಟಿನ್ನನು ೧೭೬೬ರಲ್ಲಿ ಒಂದು ಇಡೀ ರಾಷ್ಟ್ರದ ಸ್ತ್ರೀಪುರುಷರ ಮರಣಪ್ರಮಾಣಗಳನ್ನು ಬೇರ್ಪಡಿಸಿ ಪ್ರಕಟಿಸಲು ಶಕ್ತನಾದನು. ಬ್ರಿಟಿಷ್ ಸರಕಾರವಾದರೋ ೧೮೦೮ರಿಂದ ಗಂಡಸರಿಗೂ ಹೆಂಗಸರಿಗೂ ಒಂದೇ ದರದಲ್ಲಿ ವರ್ಷಾಸನಗಳನ್ನು ಮಾರಿ ನಷ್ಟಕ್ಕೆ ಗುರಿಯಾಯಿತು. ಜಾನ್ ಫಿನ್ಲೇಸನ್ನನು ೧೮೨೯ರ ತನ್ನ ವರದಿಯಲ್ಲಿ ಉಭಯರ ಕೋಷ್ಟಕಗಳನ್ನು ಪ್ರತ್ಯೇಕಿಸಿ, ವರ್ಷಾಸನ ಪಡೆದ ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬಾಳುತ್ತಾರೆಂದು ತೋರಿಸಿದನು. ಖಜಾನೆಗೆ ತೂತು ಬಿದ್ದಾಗ ಕಣ್ಣು ಬೇಗ ತೆರೆಯುತ್ತದೆ.

ಸ್ತ್ರೀಯು ಹೆಚ್ಚು ಬಾಳುವುದು ಪ್ರಕೃತಿಧರ್ಮವೋ, ಜೀವನಕ್ರಮದ ಫಲವೋ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವಾಗಿ ಮಾರ್ಕ್ ಲೂಯ್ ಎಂಬ ಜನಸಂಖ್ಯಾಶಾಸ್ತ್ರಜ್ಞರು ಜರ್ಮನಿಯ ಬವೇರಿಯಾ ಪ್ರಾಂತದ ಕ್ರೈಸ್ತ ಮಠಗಳ ಹನ್ನೊಂದು ಸಾವಿರಕ್ಕೂ ಮಿಕ್ಕ ಸಂನ್ಯಾಸಿ ಸಂನ್ಯಾಸಿನಿಯರ ದಾಖಲೆಗಳನ್ನು, ೧೮೯೦ರಿಂದ ೧೯೯೫ರವರೆಗಿನ ಅವಧಿಗೆ ಸಂಬಂಧಿಸಿದಂತೆ, ಪರಿಶೀಲಿಸಿದರು. ಮಠದೊಳಗೆ ಊಟ, ನಿದ್ರೆ, ಕೆಲಸ, ಪ್ರಾರ್ಥನೆಗಳು ಇಬ್ಬರಿಗೂ ಬಹುಮಟ್ಟಿಗೆ ಒಂದೇ. ಅಲ್ಲಿ ಸ್ತ್ರೀಪುರುಷರ ಅಂತರವು ಸುಮಾರು ಒಂದು ವರ್ಷಕ್ಕೆ ಇಳಿದಿತ್ತು. ಸಂನ್ಯಾಸಿನಿಯರು ಹೊರಗಿನ ಹೆಂಗಸರಷ್ಟೇ ಬಾಳಿದರು. ಸಂನ್ಯಾಸಿಗಳು ಮಾತ್ರ ಹೊರಗಿನ ಗಂಡಸರಿಗಿಂತ ಹೆಚ್ಚು ಬಾಳಿದರು. ಅಂದರೆ, ಪ್ರಕೃತಿಯು ಸ್ತ್ರೀಗೆ ಕೊಟ್ಟ ಅನುಕೂಲವು ನಿಜವಾದರೂ ಚಿಕ್ಕದು. ಮಿಕ್ಕ ಅಂತರದ ಬಹುಭಾಗವನ್ನು ಗಂಡಸು ತನ್ನ ಅಭ್ಯಾಸಗಳಿಂದಲೂ ತನ್ನ ಕಸುಬಿನ ಅಪಾಯಗಳಿಂದಲೂ ತಾನೇ ತಂದುಕೊಂಡಿದ್ದಾನೆ.

ಇದಕ್ಕೆ ರಷ್ಯಾ ದೇಶವು ಮತ್ತೊಂದು ಸಾಕ್ಷಿ. ಅಲ್ಲಿ ೧೯೮೫ರಲ್ಲಿ ಗೋರ್ಬಚೇವರು ಮದ್ಯಪಾನದ ವಿರುದ್ಧ ಕಟ್ಟುನಿಟ್ಟಿನ ಕ್ರಮಗಳನ್ನು ಕೈಕೊಂಡಾಗ, ೧೯೮೪ರಲ್ಲಿ ೬೨ರ ಸುಮಾರಿಗಿದ್ದ ಗಂಡಸರ ಆಯುರ್ಮಾನವು ೧೯೮೭ರ ಹೊತ್ತಿಗೆ ಸುಮಾರು ೬೫ಕ್ಕೆ ಏರಿತು. ಆ ಕ್ರಮಗಳು ಸಡಿಲಿ, ರಾಜ್ಯವ್ಯವಸ್ಥೆಯೂ ಕುಸಿದ ಬಳಿಕ ೧೯೯೪ರಲ್ಲಿ ಅದು ೫೮ಕ್ಕೂ ಕೆಳಗೆ ಇಳಿದು, ಹೆಂಗಸರಿಗೂ ಗಂಡಸರಿಗೂ ಹದಿಮೂರು ವರ್ಷಗಳಿಗೂ ಮಿಕ್ಕ ಅಂತರವುಂಟಾಯಿತು. ಈ ಅಂತರವನ್ನು ನೋಡಿ ರಷ್ಯಾದ ಹೆಂಗಸು ಭಾಗ್ಯವಂತೆಯೆಂದು ಯಾರು ತಾನೆ ಹೇಳಿಯಾರು? ಅದು ಹೆಂಗಸಿನ ಸೌಭಾಗ್ಯದ ಅಳತೆಯಲ್ಲ, ಗಂಡಸಿನ ವಿನಾಶದ ಅಳತೆ.

ಆದ್ದರಿಂದ ಆಯುಷ್ಯದ ಅಂತರವೆಂಬ ಒಂದು ಅಂಕಿಯೊಳಗೆ ಮೂರು ಸಂಗತಿಗಳು ಕೂಡಿಕೊಂಡಿರುತ್ತವೆ. ಸ್ತ್ರೀಗೆ ಪ್ರಕೃತಿ ಕೊಟ್ಟದ್ದು ಒಂದು. ಗಂಡಸು ಕುಡಿತ, ಹೊಗೆಸೊಪ್ಪು, ಅಪಘಾತಗಳಲ್ಲಿ ಕಳೆದುಕೊಂಡದ್ದು ಮತ್ತೊಂದು. ಸ್ತ್ರೀಯಿಂದ ಸಮಾಜವು ಕಿತ್ತುಕೊಂಡದ್ದು ಮೂರನೆಯದು. ಮೊದಲಿನವೆರಡು ಅಂತರವನ್ನು ಹೆಚ್ಚಿಸುತ್ತವೆ. ಮೂರನೆಯದು ಅದನ್ನು ಅಳಿಸುತ್ತದೆ. ಎಲ್ಲಿ ಸ್ತ್ರೀಪುರುಷರ ಆಯುಷ್ಯವು ಸಮಸಮವಾಗಿದೆಯೋ ಅಲ್ಲಿ ಸಮಾನತೆ ನೆಲೆಸಿದೆಯೆಂದು ಹಿಗ್ಗುವ ಮೊದಲು, ಸ್ತ್ರೀಯ ಪಾಲಿಗೆ ಸಲ್ಲಬೇಕಾದ ವರ್ಷಗಳು ಎಲ್ಲಿ ಹೋದವೆಂದು ಕೇಳಬೇಕು.

ಈ ದೃಷ್ಟಿಯಿಂದ ನಮ್ಮ ದೇಶದ ಅಂಕಿಗಳನ್ನು ನೋಡೋಣ. ಭಾರತದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಖಾನೇಷುಮಾರಿಯ ಆಧಾರದಿಂದ ವಿಮಾಗಣಿತಜ್ಞರು ಕೋಷ್ಟಕಗಳನ್ನು ಸಿದ್ಧಪಡಿಸುತ್ತಿದ್ದರು. ಜನನಮರಣಗಳ ದಾಖಲೆ ನಂಬತಕ್ಕದ್ದಾಗಿರಲಿಲ್ಲವಾದುದರಿಂದ, ಒಂದು ಗಣತಿಯಲ್ಲಿ ಕಂಡವರಲ್ಲಿ ಮುಂದಿನ ಗಣತಿಗೆ ಎಷ್ಟು ಮಂದಿ ಉಳಿದರೆಂಬುದರ ಮೇಲೆ ಅವರು ಲೆಕ್ಕ ಕಟ್ಟಬೇಕಾಯಿತು. ವಯಸ್ಸು ಕೇಳಿದರೆ ನಮ್ಮ ಜನರು ಮೂವತ್ತು, ಮೂವತ್ತೈದು, ನಲವತ್ತು ಎಂದು ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ಅಂಕಿಯನ್ನೇ ಹೇಳುವುದರಿಂದ ಅದನ್ನೂ ತಿದ್ದಿಕೊಳ್ಳಬೇಕಾಯಿತು. ಇಷ್ಟು ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಅಂಕಿಗಳನ್ನು ಓದಬೇಕು.

೧೯೦೧-೧೧ರ ದಶಕದಲ್ಲಿ ಭಾರತದ ಗಂಡಸಿನ ಆಯುರ್ಮಾನ ೨೨.೫೯ ವರ್ಷ, ಹೆಂಗಸಿನದು ೨೩.೩೧. ಪರಕೀಯರ ಆಳಿಕೆ ನಮಗೆ ಕೊಟ್ಟ ಆಯುಷ್ಯ ಇಷ್ಟು. ಕ್ಷಾಮಗಳ ಆ ಕಾಲದಲ್ಲಿ ಹೆಂಗಸಿನ ಪಾಲು ತುಸು ಮೇಲಿದ್ದುದು ವಿಚಿತ್ರವಲ್ಲ. ಹಸಿವಿನ ಸಾವುಗಳಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚೆಂಬುದನ್ನು ಅಂದಿನವರೂ ಗಮನಿಸಿದ್ದರು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನಡುಗಿ ನೆನೆಯುತ್ತಿದ್ದ ೧೮೭೬-೭೮ರ ಕ್ಷಾಮದ ಫಲವಾಗಿ, ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷದೊಳಗೆ ಇಳಿದಿತ್ತು. ಆ ಗಣತಿಯಲ್ಲಿ ಸಂಸ್ಥಾನದ ಹೆಂಗಸರ ಸಂಖ್ಯೆ ಗಂಡಸರ ಸಂಖ್ಯೆಗಿಂತ ತುಸು ಹೆಚ್ಚಾಗಿತ್ತು. ೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಾದರೋ ದೇಶದಲ್ಲಿ ಹೆಂಗಸರೇ ಹೆಚ್ಚಾಗಿ ಸತ್ತರು. ಮನೆಮಂದಿಯ ಶುಶ್ರೂಷೆಯ ಭಾರ ಅವರ ಮೇಲೆ ಬಿದ್ದುದೇ ಇದಕ್ಕೆ ಕಾರಣವಿರಬೇಕೆಂದು ಆ ಕಾಲದವರು ಊಹಿಸಿದರು.

ಆಮೇಲೆ ಏನಾಯಿತೆಂಬುದು ಮುಖ್ಯ. ೧೯೨೧-೩೧ರಲ್ಲಿ ಗಂಡಸಿಗೆ ೨೬.೯೧, ಹೆಂಗಸಿಗೆ ೨೬.೫೬. ೧೯೪೧-೫೧ರಲ್ಲಿ ಗಂಡಸಿಗೆ ೩೨.೪೫, ಹೆಂಗಸಿಗೆ ೩೧.೬೬. ೧೯೫೧-೬೧ರಲ್ಲಿ ಗಂಡಸಿಗೆ ೪೧.೮೯, ಹೆಂಗಸಿಗೆ ೪೦.೫೫. ೧೯೭೦-೭೫ರಲ್ಲಿ ಗಂಡಸಿಗೆ ೫೦.೫, ಹೆಂಗಸಿಗೆ ೪೯.೦. ವಾಚಕರು ಈ ಸಾಲುಗಳನ್ನು ಮತ್ತೊಮ್ಮೆ ಓದಬೇಕೆಂದು ಬೇಡುತ್ತೇವೆ. ದೇಶದ ಆಯುಷ್ಯ ಏರಿದಂತೆಲ್ಲ ಹೆಂಗಸು ಗಂಡಸಿಗಿಂತ ಹೆಚ್ಚುಹೆಚ್ಚಾಗಿ ಹಿಂದೆ ಬಿದ್ದಳು. ಕ್ಷಾಮ ಕಡಿಮೆಯಾಯಿತು, ಸಿಡುಬು ಮಲೇರಿಯಾಗಳಿಗೆ ಮದ್ದು ಬಂತು, ಆಸ್ಪತ್ರೆಗಳು ಎದ್ದವು, ಸ್ವರಾಜ್ಯವೂ ಬಂತು. ಹೀಗೆ ಬಂದ ಆಯುಷ್ಯವನ್ನು ಮನೆಯೊಳಗೆ ಹಂಚಿಕೊಳ್ಳುವಾಗ ಮಾತ್ರ ಅಡಿಗೆಮನೆಯ ನ್ಯಾಯವೇ ನಡೆಯಿತು. ಗಂಡಸರ ಎಲೆಗೆ ಮೊದಲು ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಹೆಂಗಸರು ಉಂಡರು. ವೈದ್ಯನ ಬಳಿಗೆ ಮಗನನ್ನು ಅಂದೇ ಒಯ್ದರು. ಮಗಳ ಜ್ವರ ತಾನಾಗಿ ಇಳಿದೀತೆಂದು ಕಾದರು. ೧೯೪೭ಕ್ಕೆ ಮುಂಚಿನ ಅಲ್ಪಾಯುಷ್ಯದ ಹೊಣೆಯನ್ನು ನಾವು ಪರಕೀಯರ ತಲೆಗೆ ಕಟ್ಟಬಹುದು. ೧೯೫೧ರಿಂದ ೧೯೭೫ರವರೆಗಿನ ಈ ಅಂತರವನ್ನು ಯಾರ ತಲೆಗೆ ಕಟ್ಟೋಣ?

ಇದಕ್ಕೆ ಕೆಲವರು ಹಿಂದಿನಿಂದಲೂ ಒಂದು ಸಮಾಧಾನ ಹೇಳುತ್ತಿದ್ದರು. ಹೆಂಗಸರು ಸತ್ತಿಲ್ಲ, ಗೋಷೆಯಲ್ಲಿರುವುದರಿಂದ ಗಣತಿಯವರ ಕಣ್ಣಿಗೆ ಬಿದ್ದಿಲ್ಲವೆಂಬುದೇ ಆ ಸಮಾಧಾನ. ೧೯೦೧ರಲ್ಲಿ ಸಾವಿರ ಗಂಡಸರಿಗೆ ೯೭೨ ಹೆಂಗಸರಿದ್ದ ದೇಶದಲ್ಲಿ ೧೯೭೧ರ ಹೊತ್ತಿಗೆ ೯೩೦ ಮಂದಿ ಮಾತ್ರ ಉಳಿದರು. ಗೋಷೆಯು ಸಡಿಲುತ್ತ ಬಂದ ಕಾಲದಲ್ಲಿ ಎಣಿಕೆಗೆ ತಪ್ಪಿದವರು ಹೆಚ್ಚುತ್ತ ಹೋದರೆಂದು ನಂಬುವುದು ಕಷ್ಟ. ಪ್ರವೀಣ ವಿಸಾರಿಯಾ ಅವರು ೧೯೬೧ರ ಗಣತಿಯ ಅಂಗವಾಗಿ ರಚಿಸಿದ ಪ್ರಬಂಧದಲ್ಲಿ ಈ ಆಕ್ಷೇಪವನ್ನು ಕೂಲಂಕಷವಾಗಿ ಪರೀಕ್ಷಿಸಿ, ಕೊರತೆಗೆ ಮುಖ್ಯ ಕಾರಣ ಎಣಿಕೆಯ ಲೋಪವಲ್ಲ, ಹೆಂಗಸರ ಹೆಚ್ಚಿನ ಮರಣವೇ ಎಂದು ಸ್ಥಾಪಿಸಿದರು. ಭಾರತದಲ್ಲಿ ಸ್ತ್ರೀಯರ ಸ್ಥಾನಮಾನವನ್ನು ಕುರಿತ ಸಮಿತಿಯು ೧೯೭೪ರ ತನ್ನ ವರದಿಯಲ್ಲಿ ಇದನ್ನೇ ಎತ್ತಿ ಹೇಳಿತು. ಅಮರ್ತ್ಯ ಸೇನ್ ಅವರು ೧೯೯೦ರಲ್ಲಿ, ಏಷ್ಯಾ ಆಫ್ರಿಕಾಗಳಲ್ಲಿ ಬದುಕಿರಬೇಕಾಗಿದ್ದ ಹತ್ತು ಕೋಟಿಗೂ ಹೆಚ್ಚು ಸ್ತ್ರೀಯರು ಇಲ್ಲವಾಗಿದ್ದಾರೆಂದು ಲೆಕ್ಕ ಹಾಕಿ ಲೋಕದ ಕಣ್ಣು ತೆರೆಸಿದರು.

೧೯೮೧-೮೫ರಲ್ಲಿ ತಕ್ಕಡಿಯು ಮತ್ತೆ ಹೆಂಗಸಿನ ಕಡೆಗೆ ವಾಲಿತು, ಗಂಡಸಿಗೆ ೫೫.೪, ಹೆಂಗಸಿಗೆ ೫೫.೭. ೨೦೧೬-೨೦ರ ಕೋಷ್ಟಕದಲ್ಲಿ ಗಂಡಸಿಗೆ ೬೮.೬ ವರ್ಷ, ಹೆಂಗಸಿಗೆ ೭೧.೪ ವರ್ಷ. ಇದು ಸಂತೋಷದ ಸಂಗತಿಯೇ ಸರಿ. ಒಂದು ಶತಮಾನದೊಳಗೆ ಆಯುಷ್ಯವನ್ನು ಮೂರುಪಟ್ಟು ಮಾಡಿಕೊಂಡ ರಾಷ್ಟ್ರವು ತನ್ನ ವೈದ್ಯರಿಗೂ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಋಣಿಯಾಗಿರಬೇಕು. ಆದರೆ ೨.೮ ವರ್ಷದ ಈ ಅಂತರವನ್ನು ಕಂಡು, ಹೆಂಗಸು ಗಂಡಸನ್ನು ಹಿಂದೆ ಹಾಕಿದಳು, ಇನ್ನು ಅವಳ ಚಿಂತೆ ಸಾಕೆಂದು ಹೇಳುವವರು ಅಂಕಿಯನ್ನು ಓದಲು ಅರಿಯದವರು. ಜಪಾನಿನಲ್ಲಿ ೨೦೧೯ರಲ್ಲಿ ಗಂಡಸಿನ ಆಯುರ್ಮಾನ ೮೧.೪೧, ಹೆಂಗಸಿನದು ೮೭.೪೫, ಅಂತರ ಆರು ವರ್ಷ. ನಮ್ಮ ನೆರೆಯ ಕೇರಳದಲ್ಲಿ ೨೦೧೪-೧೮ರ ಅಂತರ ಐದು ವರ್ಷಕ್ಕೂ ಮಿಗಿಲು. ಅದೇ ಕೋಷ್ಟಕದಲ್ಲಿ ಬಿಹಾರ ಜಾರ್ಖಂಡ್ ಪ್ರಾಂತಗಳ ಹೆಂಗಸರು ಗಂಡಸರಿಗಿಂತ ಕಡಿಮೆ ಆಯುಷ್ಯವುಳ್ಳವರಾಗಿದ್ದರು. ಒಂದೇ ಧ್ವಜದ ಕೆಳಗೆ, ಒಂದೇ ರಾಜ್ಯಾಂಗದ ಕೆಳಗೆ ಇಷ್ಟು ಭೇದ.

ಒಟ್ಟು ಅಂತರವನ್ನು ಬಿಟ್ಟು ವಯಸ್ಸು ವಯಸ್ಸಿಗೆ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಲೋಕದ ಬಹುತೇಕ ದೇಶಗಳಲ್ಲಿ ಗಂಡುಕೂಸುಗಳೇ ಹೆಚ್ಚಾಗಿ ಸಾಯುತ್ತವೆ. ಪ್ರಕೃತಿಯು ಹೆಣ್ಣುಕೂಸಿಗೆ ಗಟ್ಟಿಜೀವ ಕೊಟ್ಟಿದೆ. ಭಾರತದಲ್ಲಿ ೨೦೨೦ರಲ್ಲಿ ಸಾವಿರ ಜನನಗಳಿಗೆ ಐದು ವರ್ಷದೊಳಗೆ ತೀರಿಕೊಂಡ ಗಂಡುಮಕ್ಕಳು ೩೧, ಹೆಣ್ಣುಮಕ್ಕಳು ೩೩. ಎರಡೇ ಮಕ್ಕಳ ವ್ಯತ್ಯಾಸವೆಂದು ತಾತ್ಸಾರ ಮಾಡಬಾರದು. ಹೆಣ್ಣುಮಕ್ಕಳ ಸಂಖ್ಯೆಯು ಗಂಡುಮಕ್ಕಳದಕ್ಕಿಂತ ಕಡಿಮೆಯಿರಬೇಕಾಗಿತ್ತು. ಅದು ಹೆಚ್ಚಾಗಿದೆಯೆಂದರೆ ಮೊದಲು ಪ್ರಕೃತಿಯ ಕಾಣಿಕೆಯನ್ನು ಕಸಿದುಕೊಂಡು, ಅದರ ಮೇಲೂ ಕೈಹಾಕಿದ್ದೇವೆಂದು ಅರ್ಥ. ಮುಂದೆ ಹೆರಿಗೆಯ ವಯಸ್ಸು. ಬಾಲ್ಯದಲ್ಲಿಯೇ ತಾಯಿಯಾಗುವುದರಿಂದ ಸಾವುಗಳು ಹೆಚ್ಚುತ್ತವೆಂದು ಮೋರೋಪಂತ ಜೋಶಿಯವರ ಸಮಿತಿಯು ೧೯೨೯ರಲ್ಲಿಯೇ ಸಾರಿತ್ತು. ಆ ವರ್ಷವೇ ಬಾಲ್ಯವಿವಾಹ ಪ್ರತಿಬಂಧಕ ಕಾಯಿದೆಯಾಯಿತು. ಕಾಯಿದೆಗಿಂತ ದಾದಿಯೂ ರಕ್ತನಿಧಿಯೂ ಹೆಚ್ಚು ಕೆಲಸ ಮಾಡಿರುವುವು. ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ ೨೦೦೧-೦೩ರಲ್ಲಿ ೨೨೮ ಇದ್ದ ತಾಯಿಮರಣವು ೨೦೧೮-೨೦ರಲ್ಲಿ ೬೯ಕ್ಕೆ ಇಳಿಯಿತು. ಇದು ಹೆಮ್ಮೆಯ ಮಾತು. ಆದರೆ ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ ೫೪, ಆಂಧ್ರದಲ್ಲಿ ೪೫, ತೆಲಂಗಾಣದಲ್ಲಿ ೪೩, ಕೇರಳದಲ್ಲಿ ೧೯. ದಕ್ಷಿಣದ ಐದು ರಾಜ್ಯಗಳ ಪಂಕ್ತಿಯಲ್ಲಿ ಕನ್ನಡನಾಡಿನ ಬಾಣಂತಿ ಕಡೆಯವಳು. ಕನ್ನಡಾಂಬೆಯ ಜಯಘೋಷ ಮಾಡುವ ನಮಗೆ ಈ ಅಂಕಿಯು ನಾಚಿಕೆ ತರಬೇಕು.

ಆಯುಷ್ಯ ಹೆಚ್ಚಿದ್ದರೂ ಆರೋಗ್ಯ ಹೆಚ್ಚಿಲ್ಲವೆಂಬುದು ಮತ್ತೊಂದು ವಿಷಯ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ ೨೫. ಬಾಳಿದ ವರ್ಷಗಳನ್ನು ಎಣಿಸುವ ಕೋಷ್ಟಕವು ಆ ವರ್ಷಗಳನ್ನು ಬಳಲಿಕೆಯಲ್ಲಿ ಕಳೆದಳೋ ನಲಿವಿನಲ್ಲಿ ಕಳೆದಳೋ ಎಂಬುದನ್ನು ಹೇಳುವುದಿಲ್ಲ.

ಈಗ ನಾವು ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಮೇಲೆ ಕೊಟ್ಟ ಇತ್ತೀಚಿನ ಆಯುಷ್ಯದ ಅಂಕಿಗಳು ಊರೂರಿನ ಮರಣದಾಖಲೆಗಳಿಂದ ಬಂದವಲ್ಲ. ೧೯೬೪-೬೫ರಲ್ಲಿ ಪ್ರಯೋಗವಾಗಿ ಆರಂಭವಾಗಿ ೧೯೬೯-೭೦ರಿಂದ ಪೂರ್ಣವಾಗಿ ನಡೆದ ಮಾದರಿ ನೋಂದಣಿ ಪದ್ಧತಿಯ ಫಲಗಳವು. ಆರಿಸಿದ ಊರುಗಳಲ್ಲಿಯೂ ಪಟ್ಟಣದ ಭಾಗಗಳಲ್ಲಿಯೂ ಒಬ್ಬ ಸ್ಥಳೀಯ ಗಣತಿದಾರನು ಹುಟ್ಟುಸಾವುಗಳನ್ನು ಆದಂತೆ ಆದಂತೆ ಬರೆದಿಡುತ್ತಾನೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕನೊಬ್ಬನು ಸ್ವತಂತ್ರವಾಗಿ ಮನೆಮನೆ ವಿಚಾರಿಸುತ್ತಾನೆ. ಎರಡೂ ಪಟ್ಟಿಗಳನ್ನು ತಾಳೆನೋಡಿ, ಹೊಂದದವುಗಳನ್ನು ಮತ್ತೆ ಸ್ಥಳದಲ್ಲಿಯೇ ಪರಿಶೋಧಿಸುತ್ತಾರೆ. ವ್ಯವಸ್ಥೆಯು ಜಾಣ್ಮೆಯದು. ಆದರೆ ಅದು ರಾಜ್ಯದ ಆಯುರ್ಮಾನವನ್ನು ಹೇಳಬಲ್ಲದೇ ಹೊರತು ಜಿಲ್ಲೆಯದನ್ನು ಹೇಳಲಾರದು. ರಾಯಚೂರಿನ ಹೆಂಗಸಿಗೂ ಉಡುಪಿಯ ಹೆಂಗಸಿಗೂ ಆಯುಷ್ಯದಲ್ಲಿ ಎಷ್ಟು ಅಂತರ, ಯಾದಗಿರಿಯಲ್ಲಿ ಹೆಂಗಸು ಹಿಂದೆಯೋ ಗಂಡಸು ಹಿಂದೆಯೋ ಎಂಬುದನ್ನು ತಿಳಿಯಬೇಕಾದರೆ ಪ್ರತಿಯೊಂದು ಸಾವೂ ದಾಖಲೆಯಾಗಬೇಕು. ಅಷ್ಟೇ ಅಲ್ಲ, ಬದುಕಿರುವವರ ಸಂಖ್ಯೆಯೂ ಗೊತ್ತಿರಬೇಕು. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲವೆಂಬುದನ್ನು ವಾಚಕರು ಬಲ್ಲರು.

ಜನನಮರಣಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ ಕಾಯಿದೆ ೧೯೬೯ರಲ್ಲಿಯೇ ಆಗಿದೆ. ೨೦೨೦ರಲ್ಲಿ ದೇಶದಲ್ಲಿ ನೋಂದಣಿಯಾದ ೮೧ ಲಕ್ಷಕ್ಕೂ ಮಿಕ್ಕ ಸಾವುಗಳಲ್ಲಿ ಗಂಡಸರ ಪಾಲು ಶೇಕಡಾ ೬೦.೨, ಹೆಂಗಸರ ಪಾಲು ಶೇಕಡಾ ೩೯.೮. ಗಂಡಸರ ಸಾವುಗಳು ವಾಸ್ತವವಾಗಿಯೇ ತುಸು ಹೆಚ್ಚೆಂಬುದು ನಿಜವಾದರೂ ಇಷ್ಟು ದೊಡ್ಡ ಅಂತರವನ್ನು ಅದೊಂದರಿಂದ ವಿವರಿಸಲಾಗದು. ಹೆಂಗಸರು ಸಾಯಲಿಲ್ಲವೆಂದಲ್ಲ, ಸತ್ತದ್ದನ್ನು ಬರೆಸಲಿಲ್ಲ. ಕಾರಣವು ಪ್ರತಿಯೊಬ್ಬ ಗೃಹಸ್ಥನಿಗೂ ಗೊತ್ತಿದೆ. ಗಂಡಸು ಸತ್ತರೆ ಖಾತೆ ಬದಲಾಯಿಸಬೇಕು, ಪಿಂಚಣಿ ಬರಬೇಕು, ವಿಮೆಯ ಹಣ ಬರಬೇಕು, ಬ್ಯಾಂಕಿನ ಲೆಕ್ಕ ತೀರಬೇಕು. ಇವಕ್ಕೆಲ್ಲ ಮರಣಪತ್ರ ಬೇಕು. ಹೊಲ ಮನೆಗಳು ಯಾವಳ ಹೆಸರಿನಲ್ಲಿಯೂ ಇಲ್ಲವೋ, ವಿಮೆ ಪಿಂಚಣಿಗಳು ಯಾವಳಿಗೂ ಇಲ್ಲವೋ ಅವಳ ಸಾವಿಗೆ ಕಾಗದವೇಕೆ? ಬದುಕಿದ್ದಾಗ ಆಸ್ತಿಯಿಲ್ಲದವಳಿಗೆ ಸತ್ತ ಮೇಲೆ ದಾಖಲೆಯೂ ಇಲ್ಲ. ಇನ್ನು ಕಾರಣದ ಮಾತಾದರೋ, ೨೦೨೦ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇಕಡಾ ೨೨.೫ರಷ್ಟಕ್ಕೆ ಮಾತ್ರ.

ಇದರ ಪರಿಣಾಮ ಕೇವಲ ಲೆಕ್ಕದ ಲೋಪವಲ್ಲ. ಹೆಂಗಸಿನ ಸಾವುಗಳು ಪುಸ್ತಕಕ್ಕೆ ಬಾರದಿದ್ದರೆ, ಪುಸ್ತಕವನ್ನೇ ನಂಬಿದ ಅಧಿಕಾರಿಗೆ ಆ ತಾಲ್ಲೂಕಿನ ಹೆಂಗಸರು ಚಿರಂಜೀವಿಗಳಾಗಿ ಕಾಣುತ್ತಾರೆ. ಸಾವುಗಳನ್ನು ಮರೆಮಾಡಿದಷ್ಟೂ ಆಯುಷ್ಯ ಹೆಚ್ಚಿದಂತೆ ತೋರುವುದು ಈ ಗಣಿತದ ಅಪಾಯ. ಎಲ್ಲಿ ಅನ್ಯಾಯ ಹೆಚ್ಚೋ ಅಲ್ಲಿಯೇ ಲೆಕ್ಕ ನಿರ್ಮಲವಾಗಿ ಕಾಣುವುದು. ದವಾಖಾನೆ ಬೇಕಾದ ಊರಿಗೆ ದವಾಖಾನೆ ಬಾರದೆ, ದಾದಿ ಬೇಕಾದ ಹಳ್ಳಿಗೆ ದಾದಿ ಬಾರದೆ ಹೋಗುವುದು ಹೀಗೆ.

ನಾವು ಬೇಡುವುದು ದುಬಾರಿಯಾದದ್ದೇನೂ ಅಲ್ಲ. ಮನೆಯಲ್ಲಿ ಯಾರು ತೀರಿಕೊಂಡರೂ ೨೧ ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಿದರೆ ಶುಲ್ಕವಿಲ್ಲ. ಗಂಡಸಿನ ಸಾವನ್ನು ಬರೆಸುವ ಗೃಹಸ್ಥನು ತಾಯಿಯದನ್ನೂ, ಹೆಂಡತಿಯದನ್ನೂ, ಎಂಟು ದಿನದ ಹೆಣ್ಣುಕೂಸಿನದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಸಲಿ. ಚಿಕಿತ್ಸೆ ಮಾಡಿದ ವೈದ್ಯರು ಕಾರಣವನ್ನು ಸ್ಪಷ್ಟವಾಗಿ ಬರೆಯಲಿ. ಹೃದಯ ನಿಂತಿತೆಂದು ಬರೆದರೆ ಯಾರ ಸಾವಿಗೂ ಅದು ಒಪ್ಪುವ ಮಾತಾಗಿ ಯಾವುದಕ್ಕೂ ಉಪಯೋಗವಾಗದು. ಕಚೇರಿಯ ಮಹಾಶಯರಲ್ಲಿ ನಮ್ಮ ಬಿನ್ನಹವೆಂದರೆ, ತಮ್ಮ ನೋಂದಣಿ ಪುಸ್ತಕದಲ್ಲಿ ವರ್ಷದ ಕೊನೆಗೆ ಹೆಂಗಸರ ಹೆಸರುಗಳನ್ನೂ ಗಂಡಸರ ಹೆಸರುಗಳನ್ನೂ ಬೇರೆ ಬೇರೆ ಎಣಿಸಿ ನೋಡಬೇಕು. ಹತ್ತರಲ್ಲಿ ಆರು ಗಂಡಸರು, ನಾಲ್ವರೇ ಹೆಂಗಸರು ಎಂದು ಕಂಡುಬಂದರೆ, ಹೆಂಗಸರು ಸುಖಿಗಳೆಂದು ತಿಳಿಯದೆ, ಬರೆಯದೆ ಉಳಿದ ಮನೆಗಳು ಯಾವುವೆಂದು ವಿಚಾರಿಸಬೇಕು. ಸರಕಾರವು ಜಿಲ್ಲೆಜಿಲ್ಲೆಯ ಈ ಅಂಕಿಗಳನ್ನು ವರ್ಷವರ್ಷವೂ ಕನ್ನಡದಲ್ಲಿ ಪ್ರಕಟಿಸಬೇಕು.

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮನೆಯ ಕಸವನ್ನೂ ಗುಡಿಸಬೇಕಷ್ಟೆ. ಪತ್ರಿಕೆಯ ನಿಧನವಾರ್ತೆಗಳನ್ನು ತಿರುವಿ ನೋಡಿದಾಗ ನಮಗೆ ಲಜ್ಜೆಯಾಯಿತು. ಗಂಡಸು ತೀರಿಕೊಂಡಾಗ ಅವನ ಹೆಸರು, ವಯಸ್ಸು, ಉದ್ಯೋಗ, ಕಾಯಿಲೆಗಳನ್ನು ಅಚ್ಚುಮಾಡಿದ್ದೇವೆ. ಹೆಂಗಸು ತೀರಿಕೊಂಡಾಗ ‘ಇಂಥವರ ಧರ್ಮಪತ್ನಿ’ ಅಥವಾ ‘ಇಂಥವರ ಮಾತೃಶ್ರೀ’ ಎಂದಷ್ಟೇ ಅನೇಕ ಸಲ ಬರೆದು ಮುಗಿಸಿದ್ದೇವೆ. ಹೆಸರು ಕೆಲವೆಡೆ ಇಲ್ಲ, ವಯಸ್ಸು ಹಲವೆಡೆ ಇಲ್ಲ. ಇನ್ನು ಮುಂದೆ ಹೆಸರೂ ವಯಸ್ಸೂ ಇಲ್ಲದ ಯಾವ ನಿಧನವಾರ್ತೆಯನ್ನೂ ಈ ಪತ್ರಿಕೆಯು ಪ್ರಕಟಿಸುವುದಿಲ್ಲ. ವಾರ್ತೆ ಕಳಿಸುವವರು ಇದನ್ನು ದಯವಿಟ್ಟು ಗಮನಿಸಬೇಕು.

ಆಶೀರ್ವಾದಗಳನ್ನು ಬದಲಾಯಿಸಿರೆಂದು ಹಿರಿಯರಿಗೆ ಹೇಳುವಷ್ಟು ಅವಿನಯ ನಮಗಿಲ್ಲ. ಸುಮಂಗಲಿಯಾಗು ಎಂದು ಹರಸುವವರು ಅದರ ಜೊತೆಗೆ ‘ನೀನೂ ನೂರು ವರ್ಷ ಬಾಳು’ ಎಂಬ ಇನ್ನೊಂದು ಮಾತನ್ನು ಕೂಡಿಸಲಿ. ಆ ಮಾತು ನಿಜವಾಗುತ್ತಿದೆಯೋ ಇಲ್ಲವೋ ಎಂಬುದನ್ನು ಅಳೆದು ನೋಡಲು ಬೇಕಾದ ಪುಸ್ತಕವನ್ನು ಊರಿನ ಕಚೇರಿಯಲ್ಲಿ ಸರಿಯಾಗಿ ಇಡುವುದು ನಮ್ಮೆಲ್ಲರ ಕರ್ತವ್ಯ.